ನಿಂತ ಗಾಡಿಯಲ್ಲಿ ಅಕ್ಕ

ಆಸ್ಪತ್ರೆಯ ಔಷಧದ ಕಿಟಕಿಯೆದುರು ಸರದಿಯಲ್ಲಿ ನಿಂತಿದ್ದಾಗ ಮುಂದಿದ್ದ ಹೆಂಗಸು ಕೆಮ್ಮಿದಳು. ಬರೀ ಕೆಮ್ಮು. ಆದರೆ ಅವನಿಗೆ ಥಟ್ಟನೆ ಹೊಗೆಯ ನೆನಪಾಯಿತು.

ಅಕ್ಕ ಕೆಳಗೆ, ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಅವನ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಪರೀಕ್ಷೆಗೆಂದು ಕಣ್ಣಿಗೆ ಹಾಕಿದ ಹನಿಯಿಂದ ಅವಳಿಗೆ ಬೆಳಕು ಚುಚ್ಚುತ್ತಿತ್ತು.

"ಸೆಕೆಗೆ ಬೇಯ್ತಿದೀನಿ. ಏಸಿ ಹಾಕಿಟ್ಟು ಹೋಗೋ," ಎಂದಿದ್ದಳು.

"ಪೆಟ್ರೋಲು ನಿಮ್ಮಪ್ಪ ಹಾಕಿಸ್ತಾನಾ?"

"ನಮ್ಮಪ್ಪ ನಿಂಗೂ ಅಪ್ಪಾನೇ ಕಣೋ, ಪೆದ್ದ."

ನಕ್ಕು, ಗಾಜು ಏರಿಸಿ, ಇಂಜಿನ್ ಓಡುವಂತೆಯೇ ಬಿಟ್ಟು ಬಂದಿದ್ದ.

ಬೆಳಿಗ್ಗೆಯಷ್ಟೇ ಮೆಕ್ಯಾನಿಕ್ ಕಾರಿನಡಿಯಿಂದ ತೆವಳಿ ಬಂದು ಹೇಳಿದ್ದ: "ಸೈಲೆನ್ಸರ್ ಪೈಪು ತೂತಾಗಿದೆ. ಓಡ್ತಿದ್ರೆ ಹೊಗೆ ಗಾಳೀಲಿ ಹೋಗ್ಬಿಡುತ್ತೆ. ನಿಲ್ಸಿ ಆನ್ ಇಟ್ರೆ ಒಳಗೇ ತುಂಬ್ಕೊಳ್ಳುತ್ತೆ. ಗೊತ್ತೂ ಆಗಲ್ಲ, ಮುಖ ಕೆಂಪಾಗಿ ಹಾಗೇ ನಿದ್ದೆಗೆ ಜಾರ್ತಾರೆ."

"ಟ್ಯಾಕ್ಸಿಯೋನ ಗಾಡಿ ನಿಂತ್ರೆ ತಾನೇ?" ಎಂದು ಇವನು ಹೊರಟುಬಂದಿದ್ದ.

ಈಗ ಅಕ್ಕನಿಗೆ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ.

"ಎಲ್ಲಿಗ್ರೀ? ಸರದಿ ಹೋಗುತ್ತೆ!" ಎಂದರು ಯಾರೋ. ಅವನಾಗಲೇ ಮೆಟ್ಟಿಲಿಳಿಯುತ್ತಿದ್ದ.

ಕೆಳಗೆ ಸಾಲು ಸಾಲು ಕಾರುಗಳು ಗುರುಗುಟ್ಟುತ್ತಿದ್ದವು. ಗಾಜಿನ ಹಿಂದೆ ಡ್ರೈವರುಗಳು ಫೋನು ನೋಡುತ್ತ, ತೂಕಡಿಸುತ್ತ, ತಣ್ಣಗೆ ಕಾಯುತ್ತಿದ್ದರು. ಕಾರುಗಳ ಹೊರಗಿನ ಗಾಳಿ ಬಿಸಿಯಾಗಿ ಗಂಟಲಿಗೆ ಅಂಟುತ್ತಿತ್ತು.

ತನ್ನ ಟ್ಯಾಕ್ಸಿಯ ಬಾಗಿಲು ತೆಗೆದ. ಅಕ್ಕನ ಕೆನ್ನೆ ಎಂದೂ ಇಲ್ಲದಷ್ಟು ಕೆಂಪಾಗಿ, ಚೆಂದವಾಗಿತ್ತು. ಅದೇ ಅವನನ್ನು ಹೆದರಿಸಿತು. ಭುಜ ಅಲುಗಿಸಿದ. ತಲೆ ಅತ್ತ ವಾಲಿತು. ಇಂಜಿನ್ ಆರಿಸಿ, ಅವಳನ್ನು ಎಳೆದು ಬೆನ್ನಿಗೆ ಹಾಕಿಕೊಂಡ. ಎಲ್ಲಿ ಇಳಿಸುವುದು? ಇಲ್ಲಿ ಗಾಳಿಯೆಂದರೂ ಹೊಗೆಯೇ.

"ಆಫ್ ಮಾಡ್ರೀ! ಇಂಜಿನ್ ಆಫ್ ಮಾಡ್ರೋ!"

ಒಬ್ಬ ಗಾಜು ಇಳಿಸಿ ನೋಡಿ, ಮತ್ತೆ ಏರಿಸಿಕೊಂಡ.

ಮೆಟ್ಟಿಲು ಇನ್ನೊಂದು ತುದಿಯಲ್ಲಿತ್ತು. ಮೇಲೆ ಹೋಗುವ ಇಳಿಜಾರಿನಲ್ಲಿ ಕಾರುಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಗೋಡೆ ಸವರಿಕೊಂಡು ಅಡ್ಡಡ್ಡ ಹತ್ತಿದ. ಒಂದೊಂದು ಕಾರೂ ಮೊಣಕಾಲಿಗೆ ಬಿಸಿಯುಸಿರು ಬಿಡುತ್ತಿತ್ತು. ಅಕ್ಕನ ಉಸಿರು ಮಾತ್ರ ಕುತ್ತಿಗೆಗೆ ತಾಕುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ.

ಮೇಲೆ ಬಿಸಿಲು ಕಂಡಾಗ ಅವನ ಕಾಲರು ಬಿಗಿಯಿತು. ಅವಳ ಕೈ.

"ಇಳಿಸೋ... ತಲೆ ಸಿಡೀತಿದೆ."

ಇಳಿಸಲಿಲ್ಲ. ತುರ್ತು ಚಿಕಿತ್ಸೆಯ ಬಾಗಿಲು ಅಂಗಳದಾಚೆಗಿತ್ತು. ಇಳಿಸಿದರೆ ಮತ್ತೆ ನಿದ್ದೆಗೆ ಜಾರಿಬಿಟ್ಟರೆ?

"ಮಾತಾಡ್ತಿರು ಅಕ್ಕಾ. ಬಾಯಿಗೆ ಬಂದ ಹಾಗೆ ಬೈಯಿ ನನ್ನ."

"ನಾಳೆ," ಎಂದಳು ಅಕ್ಕ.

ಕಾಲರಿನ ಮೇಲಿನ ಹಿಡಿತ ಸಡಿಲಾಯಿತು. ಅವನು ಓಡತೊಡಗಿದ.