ಮೊಣಕೈ ಮೇಲಿದ್ದದ್ದು ಹಿಟ್ಟಲ್ಲ

ಬೇಕರಿಯವನಿಗೆ ಬೆಳಗಾಗುವುದೆಂದರೆ ಭಯ. ಎದ್ದು ಗಂಟೆ ಕಳೆದರೂ ಬೆರಳು ಮಡಚಲು ಬರುವುದಿಲ್ಲ. ಹಿಮ್ಮಡಿ ಊರಿದರೆ ಜೀವ ಹೋದಂತಾಗುತ್ತದೆ. ಹಿಟ್ಟು ನಾದುವ ಕೆಲಸ ಈಗ ಹೆಂಡತಿಯದು. ಅವನು ಒಲೆಯ ಮುಂದೆ ಕೈ ಕಾಯಿಸುತ್ತ ಕೂರುತ್ತಾನೆ. ಅದರ ಬಗ್ಗೆ ಇಬ್ಬರೂ ಮಾತಾಡುವುದಿಲ್ಲ.

ಒಂದು ದಿನ ನಾದಿನಿ ಬಂದಳು. ಆಸ್ಪತ್ರೆಯಲ್ಲಿ ನರ್ಸ್.

"ಏನ್ ಭಾವ, ಅಕ್ಕನ್ನ ಕೆಲಸಕ್ಕೆ ಹಚ್ಚಿ ನೀವು ಯಜಮಾನರ ಥರ ಕೂತುಬಿಟ್ಟಿದೀರ?"

ಅವನು ನಗಲಿಲ್ಲ. ಕೈ ಚಾಚಿದ. ನಡುಬೆರಳು ಬುಡದಿಂದ ತುದಿಯವರೆಗೆ ಊದಿತ್ತು. ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳು.

"ಮೂಳೆ ಡಾಕ್ಟರ್ ಏನಂದ್ರು?"

"ರಕ್ತದಲ್ಲಿ ಏನೂ ಇಲ್ವಂತೆ. ದುಡಿದು ದುಡಿದು ಸವೆದಿದೆ, ಅಷ್ಟೆ. ಬಿಡಮ್ಮ, ನನ್ನ ಕತೆ ಮುಗೀತು."

"ನಿಮ್ಮ ಚರ್ಮದ ಮೇಲಿನ ಸೋರಿಯಾಸಿಸ್ ವಿಷಯ ನೀವು ಅವರಿಗೆ ಹೇಳಿದ್ರಾ?"

ಅವನು ತಲೆ ತಗ್ಗಿಸಿದ. ಹೆಂಡತಿಯೇ ಹೇಳಿದಳು: "ಎಲ್ಲಿ ಹೇಳ್ತಾರೆ? ಮೊಣಕೈ ಮೇಲೆ ಅದೇನು ಬೆಳ್ಳಗೆ ಅಂತ ಡಾಕ್ಟರೇ ಕೇಳಿದ್ರು ಕಣೆ. ಇವರು 'ಹಿಟ್ಟು ಸಾರ್, ಅಂಗಡಿಯಿಂದ ಸೀದಾ ಬಂದೆ' ಅಂದ್ಬಿಟ್ರು."

"ಇನ್ನೇನು ಹೇಳ್ಲಿ? ಬಾಗಿಲ ಹತ್ರ ನಮ್ಮ ಗಿರಾಕಿ ನಿಂತಿದ್ದ. ಗೊತ್ತಾದ್ರೆ ನಮ್ಮ ಬ್ರೆಡ್ಡು ಯಾರು ಮುಟ್ತಾರೆ? ಅಲ್ಲಾ, ಚರ್ಮಕ್ಕೂ ಕೀಲಿಗೂ ಏನು ಸಂಬಂಧ?"

"ಇದೆ ಭಾವ. ಸೋರಿಯಾಸಿಸ್ ಇರೋರಲ್ಲಿ ಕೆಲವರಿಗೆ ಕೀಲುಗಳೂ ಊದ್ಕೊಳ್ತವೆ. ಅದನ್ನ ಹಿಡಿಯೋಕೆ ಒಂದು ರಕ್ತಪರೀಕ್ಷೆ ಸಾಲಲ್ಲ. ಚರ್ಮ, ಉಗುರು, ಕೀಲು ಎಲ್ಲಾನೂ ಒಟ್ಟಿಗೆ ನೋಡ್ಬೇಕು. ನೀವೇ ಮುಚ್ಚಿಟ್ರೆ ಅವರೇನ್ ಮಾಡ್ತಾರೆ? ಇದು ಅಂಟೋ ಕಾಯಿಲೆನೂ ಅಲ್ಲ."

ಅವನು ತನ್ನ ಮೊಣಕೈ ತಿರುಗಿಸಿ ನೋಡಿಕೊಂಡ. ಕೊನೆಗೆ, "ಸರಿ, ಎಲ್ಲಿಗೆ ಹೋಗ್ಬೇಕು ಹೇಳು" ಎಂದ.

ಕೀಲುವಾತದ ತಜ್ಞೆಯ ಎದುರು ಅವನು ತಾನಾಗಿಯೇ ಅಂಗಿಯ ತೋಳು ಸರಿಸಿ ಮೊಣಕೈ ತೋರಿಸಿದ. ಆಕೆ ಉಗುರು ನೋಡಿದರು, ಹಿಮ್ಮಡಿ ಒತ್ತಿದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅವನಿಗೆ ತೋರಿಸಿದರು.

"ಈ ಬೆರಳಿನ ಕೀಲು ಹಾಳಾಗಿದೆ. ಮೊದಲಿನ ಹಾಗೆ ಆಗಲ್ಲ. ಉಳಿದ ಕೀಲುಗಳನ್ನ ಉಳಿಸಿಕೊಳ್ಳೋಕೆ ಔಷಧಿ ಶುರು ಮಾಡೋಣ."

"ಮೊದಲೇ ಬಂದಿದ್ರೆ?"

"ಬಹುಶಃ ಇಷ್ಟಾಗ್ತಿರಲಿಲ್ಲ."

ಹೊರಗೆ ಬಂದಾಗ ಅವನು ಜೊತೆಗಿದ್ದ ಹೆಂಡತಿಗೆ ಹೇಳಿದ: "ನಾಳೆನೂ ನೀನೇ ನಾದ್ಬೇಕು ಕಣೆ."

"ನಾದ್ತೀನಿ. ನೀವು ಮಾತ್ರೆ ಬಿಡ್ಬೇಡಿ."

"ಬಿಡಲ್ಲ."

ಓದುತ್ತಿರುವವರೇ, ನಿಮಗೆ ಸೋರಿಯಾಸಿಸ್ ಇದೆಯೇ? ಬೆಳಿಗ್ಗೆ ಕೀಲು ಬಿಗಿಯುತ್ತದೆಯೇ, ಬೆರಳು ಊದುತ್ತದೆಯೇ, ಹಿಮ್ಮಡಿ ಅಥವಾ ಬೆನ್ನು ನೋಯುತ್ತದೆಯೇ? ಹಾಗಿದ್ದರೆ ಕಾಯಬೇಡಿ. ವೈದ್ಯರು ಕೇಳದಿದ್ದರೂ ಚರ್ಮ ತೋರಿಸಿ. ರಕ್ತದ ವರದಿ ಸರಿಯಿದೆಯೆಂದು ಸುಮ್ಮನಾಗದೆ, ಕೀಲುವಾತದ ತಜ್ಞರ ಬಳಿ ಕಳಿಸಿ ಎಂದು ಕೇಳಿ. ಅವನ ಬೆರಳಿಗೆ ತಡವಾಯಿತು. ನಿಮ್ಮದಕ್ಕೆ ಇನ್ನೂ ಆಗಿಲ್ಲದಿರಬಹುದು.