ಬಿಲ್ಲಿನಲ್ಲಿ ಉಳಿದ ಹೆಸರು

ತಿಂಗಳ ಕೊನೆಗೆ ಸಂಬಳದ ಬಿಲ್ಲು ಮಾಡಲು ಕೂತರೆ, ದೊರೆಸ್ವಾಮಿಯ ಹೆಸರು ಬರುವ ಮುಂಚೆಯೇ ಶಿವರಂಜನಿಯ ಬೆರಳು ಕೀಬೋರ್ಡಿನ ಮೇಲೆ ನಿಧಾನವಾಗುತ್ತಿತ್ತು. ಗುಂಡ್ಲುಪೇಟೆಯ ಅರಣ್ಯ ಇಲಾಖೆ ಕಚೇರಿಯಲ್ಲಿ ಅವಳು ಗುಮಾಸ್ತೆ. ಗಾರ್ಡು, ಫಾರೆಸ್ಟರು, ಡ್ರೈವರು ಎಲ್ಲರ ಬಿಲ್ಲೂ ಅವಳ ಕೈ ದಾಟಿಯೇ ಖಜಾನೆಗೆ ಹೋಗಬೇಕು. ದೊರೆಸ್ವಾಮಿ ಗಾರ್ಡ್ ಆಗಿದ್ದವನು. ಹೋದ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದಾಗ, ಹುಣಸೆಕಟ್ಟೆ ಕ್ಯಾಂಪಿನಿಂದ ಬೆಂಕಿ ಬಡಿಯಲು ಹಸಿ ಸೊಪ್ಪು ಹಿಡಿದು ಹೊಗೆಯೊಳಗೆ ಹೊಕ್ಕ. ಆಚೆ ಬರಲಿಲ್ಲ. ವಾರಗಟ್ಟಲೆ ಹುಡುಕಿದರು. ಒಂದು ಬೂಟೂ ಸಿಗಲಿಲ್ಲ, ಒಂದು ಎಲುಬೂ ಸಿಗಲಿಲ್ಲ.

ಸರ್ಕಾರ ಬದುಕಿದ್ದವನಿಗೆ ಸಂಬಳ ಕೊಡುತ್ತದೆ, ಸತ್ತವನ ಮನೆಗೆ ಪಿಂಚಣಿ ಕೊಡುತ್ತದೆ. ದೊರೆಸ್ವಾಮಿ ಅದಕ್ಕೂ ಸೇರಲಿಲ್ಲ, ಇದಕ್ಕೂ ಸೇರಲಿಲ್ಲ. ಹೆಸರು ಮಾತ್ರ ಕಂಪ್ಯೂಟರಿನಲ್ಲಿ ಪ್ರತಿ ತಿಂಗಳೂ ತಾನಾಗಿ ಬರುತ್ತಿತ್ತು. ಅವನ ಸಂಬಳ ತಡೆಹಿಡಿಯಲಾಗಿದೆ ಎಂದು ಶಿವರಂಜನಿಯೇ ಗುರುತು ಹಾಕಬೇಕು. ಹಾಕುವಾಗಲೆಲ್ಲ ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡುವಳು. ಕಿಟಕಿಯಾಚೆ ಊಟಿ ರಸ್ತೆಯ ಲಾರಿಗಳು, ಅಷ್ಟೇ.

ಅವನ ಹೆಂಡತಿ ನಾಗಮಣಿ ಹರವೆಯಿಂದ ಬಸ್ಸು ಹತ್ತಿ ಬರುತ್ತಿದ್ದಳು. ಅರಿಸಿನದ ಹೊಲದ ಕೂಲಿಯಿಂದ ಬೆರಳೆಲ್ಲ ಹಳದಿ. ದುಡ್ಡಿನ ಮಾತು ಒಮ್ಮೆಯೂ ಎತ್ತಿದವಳಲ್ಲ.

"ಅವ್ರೆಸ್ರು ಅದಾ ಮೇಡಂ?"

"ಅದೆ ಅಕ್ಕ."

"ಸಾಕು ಬುಡಿ."

ಒಂದು ಲೋಟ ನೀರು ಕುಡಿದು ಹೊರಟುಬಿಡುತ್ತಿದ್ದಳು.

ವರ್ಷ ತುಂಬಿದ ಮೇಲೆ ಪತ್ತೆಯಾಗಿಲ್ಲವೆಂದು ಪೊಲೀಸರ ವರದಿ ಬಂತು. ಸೂಪರಿಂಟೆಂಡೆಂಟ್ ಸಿದ್ದಮಲ್ಲಪ್ಪ ಶಿವರಂಜನಿಯನ್ನು ಕರೆದರು. "ಆಯಮ್ಮ ಒಂದು ಸಹಿ ಹಾಕುದ್ರೆ ಕುಟುಂಬ ಪಿಂಚಣಿ ಶುರು ಮಾಡಿಸ್ಬೋದು. ನನ್ನ ಮಾತು ಕೇಳ್ತಿಲ್ಲ. ನೀವೇ ಹೇಳಿ ನೋಡಿ."

ನಾಗಮಣಿ ಪೂರ್ತಿ ಕೇಳಿಸಿಕೊಂಡಳು. "ಸೈನಾಕುದ್ರೆ ಎಸ್ರು ತಗ್ದ್ಬುಡ್ತಿರಾ?"

"ತೆಗೀಲೇಬೇಕು ಅಕ್ಕ."

"ಅಂಗಾರೆ ಬ್ಯಾಡಿ. ನಮ್ಮತ್ತೆ ಏನಂದ್ರು ಗೊತ್ತಾ? ನನ್ ಮಗ ಬದ್ಕವ್ನೆ, ನೀ ಸೈನಾಕುದ್ರೆ ನೀನೇ ಕೊಂದಂಗೆ ಅಂದ್ರು." ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಾ ದನಿ ಇಳಿಸಿದಳು. "ಕ್ಯಾಂಪ್ನೋರೂ ಅಂಗೇ ಅಂತರೆ ಮೇಡಂ. ಸಂಜೆವೊತ್ತು ಆ ಸುಟ್ಟ ಗುಡ್ಡದ್ ಕಡೆಯಿಂದ ಸಿಳ್ಳೆ ಕೇಳುತ್ತಂತೆ. ಅವ್ರೇ ಅಂತೆ. ನನ್ನ ಒಂದ್ಸಲ ಅಲ್ಲಿಗ್ ಕರ್ಕಂಡೋಗಿ."

ಸಿದ್ದಮಲ್ಲಪ್ಪನವರು ಮೇಲಿನ ಸಾಹೇಬರಿಂದ ಅನುಮತಿ ಕೊಡಿಸಿದರು. ಕ್ಯಾಂಪಿಗೆ ರೇಷನ್ ಹೊತ್ತ ಜೀಪಿನಲ್ಲಿ, ಅಕ್ಕಿ ಮೂಟೆಗಳ ನಡುವೆ ಇಬ್ಬರೂ ಕೂತರು. ಶಿವರಂಜನಿ ಇಷ್ಟು ವರ್ಷ ಕಾಡಿನವರ ಸಂಬಳ ಮಾಡಿದ್ದಳು, ಕಾಡಿನೊಳಗೆ ಹೋದವಳಲ್ಲ.

ಹುಣಸೆಕಟ್ಟೆ ಕ್ಯಾಂಪೆಂದರೆ ಒಂದು ಕಾಂಕ್ರೀಟು ಕೋಣೆ, ಸುತ್ತ ಆನೆ ಬರದಂತೆ ತೋಡಿದ ಕಂದಕ. ಎದುರಿನ ಗುಡ್ಡದಲ್ಲಿ ಕರಕಲಾದ ಮರಗಳು ನಿಂತೇ ಇದ್ದವು, ಬುಡದಲ್ಲಿ ಮಾತ್ರ ಹುಲ್ಲು ಹಸಿರಾಗಿತ್ತು. ಕ್ಯಾಂಪಿನ ವಾಚರ್ ಚಿಕ್ಕಮಾದಯ್ಯ ಕಂದಕದಾಚೆಯ ಬಂಡೆಯ ಮೇಲೆ ಒಂದು ತಟ್ಟೆ ಇಟ್ಟು ಬಂದ. ಅದರಲ್ಲಿ ರಾಗಿಮುದ್ದೆ, ಉಪ್ಪೆಸರು.

"ಅವುನ್ ಪಾಲು ಕಣವ್ವ," ಎಂದ ನಾಗಮಣಿಗೆ. "ದಿನಾ ಮಡುಗ್ತೀವಿ. ಬೆಳಗಾಗೋದ್ರೊಳ್ಗೆ ತಟ್ಟೆ ಬರಿದು."

"ಏನೋ ಪ್ರಾಣಿ ತಿನ್ನುತ್ತೇನೋ," ಎಂದಳು ಶಿವರಂಜನಿ. "ಸಿಳ್ಳೇನೂ ಹಕ್ಕೀದಿರಬೋದು."

"ಈ ಕಾಡ್ನಲ್ಲುಟ್ದೋನ್ಗೆ ಹಕ್ಕಿ ಕೂಗು ತಿಳಿಯಲ್ವಾ ತಾಯಿ?"

ಕತ್ತಲಾಗುವ ಮುಂಚೆ ಹೊರಡಬೇಕೆಂದು ಡ್ರೈವರ್ ಅವಸರಿಸಿದ. ನಾಗಮಣಿ ಏಳಲಿಲ್ಲ. ಬಿಸಿಲು ಗುಡ್ಡದ ನೆತ್ತಿಗೆ ಏರಿ ಆರಿಹೋಯಿತು. ಹಕ್ಕಿಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು.

ಆಗ ಕೇಳಿಸಿತು. ನೀಳವಾದ ಸಿಳ್ಳೆ. ಬಿಟ್ಟು, ಮತ್ತೆ. ದೂರದಲ್ಲಿದ್ದವರನ್ನು ಮನುಷ್ಯ ಕರೆಯುವ ಹಾಗೆಯೇ. ಎರಡನೆಯ ಸಲ ಇನ್ನಷ್ಟು ಹತ್ತಿರವಿತ್ತು. ಶಿವರಂಜನಿ ನಾಗಮಣಿಯ ತೋಳು ಹಿಡಿದುಕೊಂಡಳು.

"ಕೇಳ್ತಾ ಕಣವ್ವ? ನಿನ್ನೇ ಕರಿತಾವ್ನೆ," ಎಂದ ಚಿಕ್ಕಮಾದಯ್ಯ.

ನಾಗಮಣಿ ಎದ್ದು ಕಂದಕದ ಅಂಚಿನವರೆಗೂ ಹೋದಳು. ಅವಳ ಮುಖದಲ್ಲಿದ್ದ ಆಸೆ ಕಣ್ಣೆದುರೇ ಇಂಗಿತು.

"ಅವ್ರಲ್ಲ," ಅಂದಳು.

"ಅಲ್ದೆ ಇನ್ಯಾರವ್ವ?"

"ಅವ್ರ್ಗೆ ಸಿಳ್ಳೆ ಬತ್ತಿರ್ನಿಲ್ಲ ಅಣ್ಣ. ಅವ್ರ ಕೂಗ್ನೇ ನೀವು ಸಿಳ್ಳೆ ಅಂತೀರೇನೋ ಅನ್ಕಂಡ್ ಬಂದೆ. ಚಿಕ್ಕೋರಿದ್ದಾಗ ಎತ್ತು ಒದ್ದು ಮುಂದಿನ್ ಹಲ್ಲು ಓಗ್ಬುಟ್ಟಿದ್ದೊ. ಇದ್ದುದ್ದು ಕಟ್ಸಿದ್ ಹಲ್ಲು. ನಾಚ್ಕಂಡು ಯಾರ್ಗೂ ಏಳ್ತಿರ್ನಿಲ್ಲ. ನಮ್ ಮಗಳು ಚಿಕ್ಕೋಳಿದ್ದಾಗ ಸಿಳ್ಳೆ ಒಡಿಯಪ್ಪ ಅಂತ ಹಟ ಮಾಡೋಳು. ಇವ್ರು ಊದ್ತಿದ್ರು, ಬರೀ ಗಾಳಿ ಬರೋದು. ಅದ್ಕೇ ಅವಳು ಬಿದ್ದುಬಿದ್ದು ನಗೋಳು."

ಚಿಕ್ಕಮಾದಯ್ಯ ಬಂಡೆಯ ಮೇಲಿನ ತಟ್ಟೆಯತ್ತ ತಿರುಗಿದ. "ಇಷ್ಟ್ ವರ್ಸ ಜೊತ್ಗೆ ಉಂಡ್ವಿ," ಎಂದ ತನಗೇ ಎಂಬಂತೆ. "ಒಂದ್ಸಲಾನೂ ಅವ ಸಿಳ್ಳೆ ಒಡ್ದುದ್ ನಾ ಕೇಳ್ನಿಲ್ವಲ್ಲ."

ಗುಡ್ಡದಿಂದ ಮತ್ತೊಮ್ಮೆ ಸಿಳ್ಳೆ ಬಂತು. ಈ ಸಲ ಕ್ಯಾಂಪಿನವರು ಯಾರೂ ಅತ್ತ ನೋಡಲಿಲ್ಲ. ಡ್ರೈವರ್ ಜೀಪು ಸ್ಟಾರ್ಟ್ ಮಾಡಿದ.

ಕಾಡಿನ ಗೇಟು ದಾಟಿ ರಸ್ತೆ ಸೇರಿದ ಮೇಲೆ ನಾಗಮಣಿ ಅತ್ತಳು. ವರ್ಷವೆಲ್ಲ ಅಳದೇ ಇದ್ದವಳು ಜೀಪಿನ ಕಂಬಿಗೆ ತಲೆಯಾನಿಸಿ ಗಟ್ಟಿಯಾಗಿ ಅತ್ತಳು. ಬೇಗೂರು ಹತ್ತಿರ ಬಂದಾಗ ಮುಖ ಒರೆಸಿಕೊಂಡು, "ಇದ್ದಿದ್ರೆ ಅವ್ರು ಮನೆಗ್ ಬರೋರು, ಗುಡ್ಡದಲ್ ನಿಂತು ಕರಿಯೋರಲ್ಲ. ನಾಳ್ಕೆ ಬತ್ತೀನಿ ಮೇಡಂ, ಎಲ್ಲಿ ಸೈನಾಕ್ಬೇಕೋ ತೋರ್ಸಿ," ಎಂದಳು.

ಮಾರನೆಯ ದಿನ ಬಂದು ಸಹಿ ಹಾಕಿದಳು. ಮುಂದಿನ ಬಿಲ್ಲಿನಲ್ಲಿ ದೊರೆಸ್ವಾಮಿಯ ಹೆಸರಿರಲಿಲ್ಲ. ಬೆನ್ನ ಹಿಂದೆ ಯಾರೂ ಇಲ್ಲವೆಂದು ಶಿವರಂಜನಿಗೆ ಮೊದಲ ಬಾರಿ ಅನ್ನಿಸಿತು. ಅದರಿಂದ ಸಮಾಧಾನಕ್ಕಿಂತ ಸಂಕಟವೇ ಹೆಚ್ಚಾಗಿ, ಅವತ್ತು ಊಟದ ಡಬ್ಬಿ ತೆರೆಯದೆ ಮನೆಗೆ ಹೋದಳು.

ಪಿಂಚಣಿ ಬರತೊಡಗಿತು. ಅತ್ತೆ ರಾಚಮ್ಮ ಸೊಸೆಯ ಜೊತೆ ಮಾತು ಬಿಟ್ಟು, ಹಿತ್ತಲಲ್ಲಿ ಬೇರೆ ಒಲೆ ಹೂಡಿದಳು. ನಾಗಮಣಿ ಜಗಳಕ್ಕೆ ಹೋಗಲಿಲ್ಲ. ದಿನಾ ಬೆಳಿಗ್ಗೆ ಆ ಒಲೆಯ ಪಕ್ಕ ಒಂದು ಹೊರೆ ಸೌದೆ ಇಟ್ಟು ಕೂಲಿಗೆ ಹೋಗುತ್ತಿದ್ದಳು. ಮಳೆ ಹಿಡಿದ ಒಂದು ಸಂಜೆ ಹಿತ್ತಲ ಒಲೆ ನೆನೆದುಹೋಯಿತು. ರಾಚಮ್ಮ ಒಳಗೆ ಬಂದು, ಸೊಸೆ ಬಡಿಸಿದ ತಟ್ಟೆಯ ಮುಂದೆ ಕೂತಳು. ಎರಡು ತುತ್ತು ನುಂಗಿ ಕೈ ನಿಲ್ಲಿಸಿದಳು.

"ಅಲ್ಲಾ ಕಣಮ್ಮಿ, ನನ್ ಮಗ ಅಲ್ಲ ಅಂದ್ಮೇಲೆ, ಇಷ್ಟ್ ದಿನ ಆ ಬಂಡೆ ಮೇಲಿನ ತಟ್ಟೇಲಿ ಅವ್ನೆಸ್ರಲ್ಲಿ ಉಂಡೋರು ಯಾರು?"

ನಾಗಮಣಿ ಎದ್ದು ಹಿತ್ತಲ ಬಾಗಿಲಿಗೆ ಚಿಲಕ ಹಾಕಿ ಬಂದು, ಅತ್ತೆಯ ಪಕ್ಕದಲ್ಲೇ ಕೂತಳು.