ಹದಿನಾಲ್ಕನೇ ಪುಟ

"ಮೊದಲನೇ ಪುಟ ಓದಿದ್ವಿ ಕಣಮ್ಮಾ, ನೀರು ಕುಡಿದ ಹಾಗೆ ಓದಿಸ್ಕೊಂಡು ಹೋಯ್ತು," ಎಂದರು ದೊಡ್ಡ ಮ್ಯಾನೇಜರು. "ಎರಡೂ ಕಡೆ ಸಮ ಅಂದ್ಮೇಲೆ ಖರ್ಚು ಉಳಿಸೋದೇ ಮೇಲು, ರಿಪೇರಿ ಕೋಣೆ ಮುಚ್ಚೋದೇ ಸರಿ ಅಂತ ಹತ್ತೇ ನಿಮಿಷದಲ್ಲಿ ತೀರ್ಮಾನ ಆಗೋಯ್ತು."

ವರದಿಯಮ್ಮ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕುವುದನ್ನು ಮರೆತು ನಿಂತುಬಿಟ್ಟಳು. ಆ ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ವರದಿ, ಪ್ರಸ್ತಾವ, ಟಿಪ್ಪಣಿ, ಏನೇ ಬರೆಯಬೇಕಾದರೂ "ವರದಿಯಮ್ಮನ್ನ ಕೇಳಿ" ಎನ್ನುತ್ತಿದ್ದರು. ಈ ಸಲ ಬರೆದದ್ದು ರಿಪೇರಿ ಕೋಣೆಯನ್ನು ಉಳಿಸಿಕೊಳ್ಳಬೇಕೋ ಮುಚ್ಚಬೇಕೋ ಎಂಬ ವರದಿ. ಆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೂತು ಹಳೆಯ ಯಂತ್ರಗಳಿಗೆ ಜೀವ ಕೊಡುತ್ತಿದ್ದವಳು ಅವಳ ಒಡಹುಟ್ಟಿದ ಅಕ್ಕ.

"ಸರ್, ಹದಿನಾಲ್ಕನೇ ಪುಟ ನೋಡಿದ್ರಾ?"

"ಹದಿನಾಲ್ಕಾ? ಅದು ಅನುಬಂಧ ಅಲ್ವೇನಮ್ಮಾ?" ಅವರು ನಕ್ಕರು. "ಅನುಬಂಧಾನ ಯಾರು ಓದ್ತಾರೆ? ಮುಖ್ಯವಾದದ್ದು ಮೊದಲನೇ ಪುಟದಲ್ಲೇ ಇರಬೇಕು, ಮಿಕ್ಕದ್ದು ಹರಿದು ಹಾಕಿದ್ರೂ ನಡೀಬೇಕು ಅಂತ ನಮಗೆಲ್ಲ ಪಾಠ ಹೇಳಿಕೊಟ್ಟೋರೇ ನೀವು!"

ಅದು ನಿಜವೇ. ಹೇಳಿಕೊಟ್ಟವಳು ಅವಳೇ, ಕೊನೆಗೆ ಮೀರಿದವಳೂ ಅವಳೇ.

ವರದಿಗೆಂದು ಹನ್ನೊಂದು ದಿನ ಅವಳು ರಿಪೇರಿ ಕೋಣೆಯಲ್ಲಿ ಯಂತ್ರ ತೆಗೆದುಕೊಳ್ಳುವ ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದಳು. ಯಂತ್ರ ಹೊತ್ತು ಬಂದ ಅರವತ್ತೆರಡು ದರ್ಜಿಗಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದ್ದಳು. ಬೇರೆ ಕಂಪನಿಯವು ಅಷ್ಟೊಂದಿರುವಾಗ ಇದನ್ನೇ ಯಾಕೆ ಕೊಂಡಿರಿ ಎಂದು ಕೇಳಿದರೆ ಐವತ್ತೊಂದು ಜನ ಹೇಳಿದ್ದು ಒಂದೇ ಮಾತು: "ಕೆಟ್ಟರೆ ಇಲ್ಲಿ ಆ ಅಮ್ಮ ಇದಾರಲ್ಲ." ಅಂದರೆ ಈ ಕೋಣೆ ಮುಚ್ಚಿದರೆ ಹೊಸ ಯಂತ್ರಗಳನ್ನೂ ಕೇಳುವವರಿರುವುದಿಲ್ಲ. ಕಣ್ಣಿಗೆ ರಾಚುವಂಥ ಸತ್ಯ. ಮೊದಲ ಕರಡಿನಲ್ಲಿ ಅದೇ ಮೊದಲ ಸಾಲಾಗಿತ್ತು.

ಆ ಕರಡನ್ನು ಪಕ್ಕದ ಮೇಜಿನ ಗುಮಾಸ್ತ ಕತ್ತು ಚಾಚಿ ನೋಡಿದ್ದ. "ಭೇಷ್! ಅಕ್ಕನಿಗೆ ತಂಗಿಯೇ ವಕೀಲಳು. ಫೀಸು ಎಷ್ಟು?" ಎಂದಿದ್ದ. ಅವನದು ಬಾಯಿಚಪಲ, ಮನಸ್ಸಲ್ಲಿ ಏನೂ ಇರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕದಿಯದಿದ್ದರೂ ಅವಳು ಹೆಗಲು ಮುಟ್ಟಿ ನೋಡಿಕೊಂಡಳು. ಅಂದು ಸಂಜೆಯೇ ದರ್ಜಿಗಳ ಮಾತನ್ನೆಲ್ಲ ಹಿಂದಕ್ಕೆ, ಅನುಬಂಧಕ್ಕೆ ತಳ್ಳಿದಳು. ಮೊದಲ ಪುಟದಲ್ಲಿ, "ಮುಚ್ಚುವುದಕ್ಕೂ ಮುಂದುವರಿಸುವುದಕ್ಕೂ ಸಮಾನ ಕಾರಣಗಳಿವೆ" ಎಂದು ಬರೆದಳು. ನ್ಯಾಯವಾಗಿ ಬರೆದೆ ಅಂದುಕೊಂಡು ಆ ರಾತ್ರಿ ಚೆನ್ನಾಗಿಯೇ ನಿದ್ದೆ ಮಾಡಿದ್ದಳು ಪಾಪ.

"ಈಗಲಾದ್ರೂ ಓದಿ ಸರ್," ಎಂದು ಪುಟ ತಿರುವಿ ಮುಂದಿಟ್ಟಳು.

ಮ್ಯಾನೇಜರು ಕೆಟ್ಟವರಲ್ಲ. ಕನ್ನಡಕ ಏರಿಸಿ ಓದಿದರು, ಇನ್ನೊಮ್ಮೆ ಓದಿದರು. ಮುಖದ ನಗು ಎಲ್ಲಿ ಹೋಯಿತೋ.

"ಇದನ್ನ ಮುಂದೆ ಹಾಕಬಾರದಾಗಿತ್ತೇನಮ್ಮಾ?" ದನಿ ತಗ್ಗಿತ್ತು. "ಕಮಿಟಿಯ ಎಂಟೂ ಜನ ಸಹಿ ಹಾಕಾಯ್ತು. ಬೆಳಿಗ್ಗೆನೇ ಆದೇಶ ಹೋಯ್ತು. ಸಾಮಾನು ಸಾಗಿಸೋಕೆ ನಾಳೆ ಲಾರಿ ಬರ್ತಿದೆ. ಈಗ ಹೋಗಿ, ನಾವು ಓದಿರಲಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?"

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಬಂತು? ಅವಳು ವರದಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು.

ರಿಪೇರಿ ಕೋಣೆಯಲ್ಲಿ ಎಣ್ಣೆಯ ವಾಸನೆ, ಕಬ್ಬಿಣದ ತಂಪು. ಅಕ್ಕ ಒಂದು ಯಂತ್ರವನ್ನು ಮಗುಚಿ ಹಾಕಿಕೊಂಡು ಅದರ ಹೊಟ್ಟೆಯೊಳಗೆ ಕೈ ತೂರಿಸಿದ್ದಳು. ಪ್ರತಿ ಯಂತ್ರದ ಕುತ್ತಿಗೆಗೂ ದಾರದಲ್ಲಿ ಒಂದು ರಟ್ಟಿನ ಚೀಟಿ ತೂಗುತ್ತಿತ್ತು. ಮೇಲುಗಡೆ ದಪ್ಪಕ್ಷರದಲ್ಲಿ "ದಾರ ಕಡಿಯುತ್ತೆ", "ಚಕ್ರ ಬಿಗಿ". ಯಜಮಾನನ ಹೆಸರು, ತಾರೀಕು ಎಲ್ಲ ಕೆಳಗೆ ಸಣ್ಣಗೆ. "ರೋಗ ಮೊದಲು, ಜಾತಕ ಆಮೇಲೆ" ಎನ್ನುವುದು ಅಕ್ಕನ ಪದ್ಧತಿ. ಶಾಲೆ ಬಿಟ್ಟ ಮೇಲೆ ಇಲ್ಲೇ ಕೂತು ಆ ಚೀಟಿಗಳನ್ನು ಓದುತ್ತ ಬೆಳೆದ ತಂಗಿ ವರದಿ ಬರೆಯುವುದನ್ನು ಕಲಿತದ್ದೂ ಅವುಗಳಿಂದಲೇ. ಅವಳ ಫೀಸು, ಪುಸ್ತಕ, ಮೊದಲ ಜೊತೆ ಚಪ್ಪಲಿ, ಎಲ್ಲ ಈ ಕೋಣೆಯಿಂದಲೇ ಬಂದದ್ದು.

"ಗೊತ್ತಾಯ್ತು ಕಣೇ ಪುಟ್ಟೀ. ಆಗಲೇ ಕಾಗದ ತಂದುಕೊಟ್ರು," ಎಂದಳು ಅಕ್ಕ, ತಲೆಯೆತ್ತದೆ. "ನಾಡಿದ್ದಿಂದ ಪ್ಯಾಕಿಂಗಿಗಂತೆ. ಡಬ್ಬಕ್ಕೆ ಚೀಟಿ ಅಂಟಿಸೋದು. ನಿನ್ನ ಮುಖ ಯಾಕೆ ಹಾಗಿದೆ? ಸತ್ತಿರೋದು ಕೋಣೆ, ನಾನಲ್ಲ."

"ಅವರು ಓದ್ಲಿಲ್ಲ ಅಕ್ಕಾ. ಆ ದರ್ಜಿಗಳು ಹೇಳಿದ್ದನ್ನೆಲ್ಲ ಬರೆದಿದ್ದೆ. ಒಂದಕ್ಷರ ಬಿಡದೆ ಬರೆದಿದ್ದೆ."

"ಎಲ್ಲಿ ಬರೆದಿದ್ದೆ?"

ತಂಗಿ ವರದಿಯ ಮೂಲೆಯನ್ನು ಮಡಚತೊಡಗಿದಳು.

"ಎಷ್ಟನೇ ಪುಟದಲ್ಲೇ?"

"ಹದಿನಾಲ್ಕು."

ಅಕ್ಕನ ಕೈ ಯಂತ್ರದೊಳಗೇ ನಿಂತಿತು. ಆಮೇಲೆ ಮೆಲ್ಲಗೆ ಹೊರತೆಗೆದು, ಬೆರಳುಗಳನ್ನು ಒಂದೊಂದಾಗಿ ಬಟ್ಟೆಗೆ ಒರೆಸಿಕೊಂಡಳು.

"ಯಾರಿಗೆ ಹೆದರಿದೆ?"

"ಅಕ್ಕನ ಪರವಾಗಿ ಬರೆದಳು ಅಂತ ಯಾರೂ ಬೆರಳು ತೋರಿಸಬಾರದು ಅಂತ…"

"ತೋರಿಸಿದ್ರೆ ತೋರಿಸ್ಲಿ ಬಿಡು, ನೋಯೋದು ಅವರ ಬೆರಳು." ಅಷ್ಟು ಹೇಳಿ ಅಕ್ಕ ಕೈ ಚಾಚಿದಳು. "ಕೊಡಿಲ್ಲಿ."

ಹದಿನಾಲ್ಕನೇ ಪುಟವನ್ನು ಬೆಳಕಿಗೆ ಹಿಡಿದು ತುಟಿಯಾಡಿಸುತ್ತ ಓದಿದಳು. ನಡುವೆ ಒಂದು ಕಡೆ ಕಣ್ಣರಳಿತು. "ಆ ಕುಂಟ ದರ್ಜಿ ಹೀಗಂದ್ನಾ? ನನ್ನ ಎದುರಿಗೆ ಬರೀ ಜಗಳ ಆಡ್ತಿದ್ದ, ಕಳ್ಳ." ಇನ್ನೂ ಸ್ವಲ್ಪ ಓದಿದಳು. "ಚೆನ್ನಾಗಿ ಬರೆದಿದ್ದೀಯ ಕಣೇ."

ಬೈದಿದ್ದರೆ ವರದಿಯಮ್ಮ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಗೋಡೆಗೆ ಮುಖ ಮಾಡಿ ನಿಂತಳು. ಅಳಬೇಡ ಎಂದೇನೂ ಅಕ್ಕ ಹೇಳಲಿಲ್ಲ. ಅವಳ ಕಣ್ಣೂ ಒಣಗಿರಲಿಲ್ಲ.

ವರದಿಯನ್ನು ಮಡಚಿಟ್ಟು ಅಕ್ಕನೇ ಕೇಳಿದಳು, "ಪ್ಯಾಕಿಂಗಲ್ಲಿ ಕೂರೋಕೆ ಸ್ಟೂಲ್ ಕೊಡ್ತಾರೇನೇ? ಅಲ್ಲಿ ಎಲ್ಲ ನಿಂತೇ ಇರ್ತಾರೆ. ನನ್ನ ಮಂಡಿ ನಿನಗೆ ಗೊತ್ತಲ್ಲ."

"ಬರೆದು ಕೊಡ್ತೀನಿ ಅಕ್ಕಾ. ಇವತ್ತೇ ಬರೆದು ಕೊಡ್ತೀನಿ."

"ಬರಿ. ಮೊದಲನೇ ಸಾಲಲ್ಲೇ ಬರಿ."

ಅಷ್ಟರಲ್ಲಿ ಕಿಟಕಿಯ ಗಂಟೆ ಹೊಡೆಯಿತು. ಹೊರಗೆ ಯಾರೋ ಭಾರದ್ದೇನನ್ನೋ ಕಟ್ಟೆಯ ಮೇಲಿಟ್ಟ ಸದ್ದು. ಅಕ್ಕ ಮಂಡಿ ಹಿಡಿದುಕೊಂಡು ಎದ್ದಳು. ಮೊಳೆಗೆ ತಗುಲಿಸಿದ್ದ ಕಟ್ಟಿನಿಂದ ಒಂದು ಖಾಲಿ ರಟ್ಟಿನ ಚೀಟಿ ಕಿತ್ತುಕೊಂಡು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಹೋಗಿ ಕಿಟಕಿಯ ಬಾಗಿಲು ತೆರೆದಳು.